ತಕ್ಕಡಿಗೆ ಬಾರದ ಗೆಂಡೆ

ಬಂದರಿನ ವಸತಿಗೃಹ
ಫೆಬ್ರವರಿ ೧೧

ಅಪ್ಪ,

ಫೋನಿನಲ್ಲಿ ನೀವು ‘ಹೂಂ’ ಮತ್ತು ‘ಇರು, ಅಮ್ಮನಿಗೆ ಕೊಡ್ತೀನಿ’ ಎನ್ನುವುದನ್ನು ಬಿಟ್ಟು ಮೂರನೆಯ ಮಾತು ಆಡುವುದಿಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಅಮ್ಮನ ಕೈಗೆ ದಾಟಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಮೇಲೆ ನಿಮ್ಮ ಹೆಸರೇ ಇರುತ್ತದೆ.

ನಾನು ಚೆನ್ನಾಗಿದ್ದೇನೆ. ಕ್ರೇನಿನ ಗೂಡಿನಲ್ಲಿ ಕೂತರೆ ಕಾಲಡಿಯಲ್ಲಿ ಗಾಜು, ಗಾಜಿನಡಿಯಲ್ಲಿ ಹಡಗು. ಮೊದಲ ವಾರ ಕೆಳಗೆ ನೋಡಲು ಹೆದರಿಕೆಯಾಗುತ್ತಿತ್ತು. ಈಗ ಕೆಳಗಿನಿಂದ ಯಾರಾದರೂ ಕೈ ಬೀಸಿದರೆ ನಾನೂ ಬೀಸುತ್ತೇನೆ. ನಮಗೆ ಕಲಿಸುವ ಅಕ್ಕ ಬೈಯುತ್ತಾಳೆ: “ಕೈ ಬೀಸೋಕಲ್ಲ ನಿನ್ನನ್ನ ಅಷ್ಟು ಎತ್ತರಕ್ಕೆ ಹತ್ತಿಸಿರೋದು.”

ಈಗ ವಿಷಯ. ಮಾರ್ಚ್ ಕೊನೆಯ ವಾರಾಂತ್ಯದ ಗೆಂಡೆ ಮೀನು ಹಿಡಿಯುವ ಸ್ಪರ್ಧೆಗೆ ನಾನು ಬರಲಾರೆ. ರಜೆ ಕೊಡುವುದಿಲ್ಲ. ಮೂವರಿಲ್ಲದ ತಂಡವನ್ನು ಸ್ಪರ್ಧೆಯವರು ಸೇರಿಸಿಕೊಳ್ಳುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ನೀವು ಒಬ್ಬರು, ಬೇಕರಿ ಮಾಮ ಒಬ್ಬರು. ಮೂರನೆಯವರಾಗಿ ನಾನು ಒಬ್ಬರ ಹೆಸರು ಹೇಳುತ್ತೇನೆ, ನೀವು ಕನ್ನಡಕ ತೆಗೆದು ಒರೆಸಿಕೊಳ್ಳಬಾರದು. ನಾನು ಹೊರಟ ದಿನ ಬಸ್ ನಿಲ್ದಾಣದವರೆಗೆ ನನ್ನ ಪೆಟ್ಟಿಗೆ ಹೊತ್ತು ತಂದರಲ್ಲ, ಅವರು. ಕಟ್ಟು ಹಲ್ಲು ಮಾಡುವ ಕೆಲಸ, ದವಾಖಾನೆಯ ಹಿಂದಿನ ಬೀದಿಯಲ್ಲಿ. ಗಾಳ ಹಿಡಿದವರಲ್ಲ, ಆದರೆ ಕೈ ಸೂಕ್ಷ್ಮ.

ಅವರು ನನ್ನನ್ನು ಒಂದು ಮಾತು ಕೇಳಿದ್ದಾರೆ. ವಾಪಸು ಬಂದ ಮೇಲೆ ಉತ್ತರ ಹೇಳುತ್ತೇನೆ ಎಂದಿದ್ದೇನೆ. ಅದೇನೆಂದು ಅಮ್ಮ ನಿಮಗೆ ಹೇಳಿರುತ್ತಾಳೆ. ನೀವು ಅವರನ್ನು ಪರೀಕ್ಷೆ ಮಾಡುವುದು ಬೇಡ. ಸುಮ್ಮನೆ ಎರಡು ದಿನ ಜೊತೆಗೆ ಕೂತಿರಿ. ದಡದಲ್ಲಿ ಎರಡು ದಿನ ಕೂತರೆ ಯಾವ ಮನುಷ್ಯನೂ ತನ್ನಷ್ಟಕ್ಕೆ ತಾನೇ ಕಾಣುತ್ತಾನೆ ಎಂದು ನೀವೇ ಹೇಳುತ್ತಿದ್ದಿರಿ.

ನಿಮ್ಮ
ಮಗಳು


ಅಂಗಡಿಯಿಂದ
ಫೆಬ್ರವರಿ ೨೦

ಮಗಳೇ,

ಕಾಗದ ತಲುಪಿತು. ಕನ್ನಡಕ ಒರೆಸಿಕೊಂಡೆ, ಧೂಳಿತ್ತು.

ಇವತ್ತು ತರಕಾರಿ ಅಂಗಡಿಯ ತಕ್ಕಡಿ ರಿಪೇರಿಗೆ ಬಂದಿದೆ. ತಟ್ಟೆಯ ಅಡಿಯಲ್ಲಿ ಅಯಸ್ಕಾಂತದ ಚೂರೊಂದು ಅಂಟಿಕೊಂಡಿತ್ತು. “ಅಯ್ಯೋ, ಯಾರಪ್ಪ ಅಂಟಿಸಿದೋರು?” ಎಂದು ಅಂಗಡಿಯವನೇ ನನಗಿಂತ ಹೆಚ್ಚು ಆಶ್ಚರ್ಯಪಟ್ಟ. ನಾನೂ ಆಶ್ಚರ್ಯಪಟ್ಟು, ಕಿತ್ತು, ಅವನ ಕೈಯಲ್ಲೇ ಇಟ್ಟೆ. ನಮ್ಮ ಕೆಲಸವೇ ಹಾಗೆ. ಹೆಬ್ಬೆರಳು ತಕ್ಕಡಿಯ ಮೇಲೆ ಇಡದ ಮನುಷ್ಯ ಅಪರೂಪ. ಇಟ್ಟಿದ್ದೇನೆ ಎಂದು ಒಪ್ಪುವವನಂತೂ ಇಲ್ಲವೇ ಇಲ್ಲ.

ಸ್ಪರ್ಧೆಯ ವಿಷಯ. ಈ ವರ್ಷ ಬಿಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಡಕ್ಕೆ ನಾನು, ಬಲಕ್ಕೆ ಬೇಕರಿಯವನು, ನಡುವೆ ನೀನು. ಗಾಳದ ಕೋಲು ನಿನಗಿಂತ ಉದ್ದವಿದ್ದಾಗಿನಿಂದ ಅಲ್ಲಿ ಕೂತವಳು. ಟವೆಲ್ ಹಾಕಿ ಹಿಡಿಯುವ ಬಸ್ಸಿನ ಸೀಟಲ್ಲ ಅದು.

ಇದನ್ನೇ ಬೇಕರಿಯವನಿಗೆ ಹೇಳಿದೆ. ಅವನೇನು ಅಂದ ಗೊತ್ತೇ? “ಹಲ್ಲಿದ್ದೋನಿಗೆ ಕಡಲೆ ಇಲ್ಲ, ಕಡಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರೆ. ಹಲ್ಲು ಮಾಡೋನೇ ಮನೆ ಬಾಗಿಲಿಗೆ ಬಂದಿದಾನೆ, ಇನ್ನೇನಯ್ಯಾ ನಿನ್ನ ರಗಳೆ?” ನಿನ್ನ ಅಮ್ಮನೂ ಅವನ ಪಕ್ಷ ಸೇರಿದಳು. ಇಬ್ಬರ ಮುಂದೆ ಒಬ್ಬನ ಮಾತು ಎಲ್ಲಿ ನಡೆದೀತು.

ಹೆಸರು ಕೊಟ್ಟಿದ್ದೇನೆ. ಈ ಒಂದು ಸಲದ ಮಟ್ಟಿಗೆ.

ನಿನ್ನ
ಅಪ್ಪ


ಬಂದರಿನ ವಸತಿಗೃಹ
ಮಾರ್ಚ್ ೩

ಅಪ್ಪ,

ಒಪ್ಪಿದ್ದಕ್ಕೆ ಸಂತೋಷ. ಅವರಿಗೆ ಈಜು ಬರುತ್ತದೆ, ಬೆಳಗ್ಗೆ ಬೇಗ ಏಳುವುದು ಬರುವುದಿಲ್ಲ. ಚಹಾ ಕೊಟ್ಟರೆ ಏಳುತ್ತಾರೆ. ನೀವು ‘ರೀ, ಹಲ್ಲಿನವರೇ’ ಎಂದು ಕರೆಯುತ್ತೀರಂತೆ, ಅವರೇ ಹೇಳಿ ನಕ್ಕರು.

ನನ್ನ ಕೆಲಸದಲ್ಲಿ ಎತ್ತುವುದು ಸುಲಭ, ಇಳಿಸುವುದು ಕಷ್ಟ. ನಿನ್ನೆ ಮೊದಲ ಸಲ ಒಂದು ಇಡೀ ಕಂಟೇನರನ್ನು ಸದ್ದಿಲ್ಲದೆ ನೆಲಕ್ಕೆ ಕೂರಿಸಿದೆ. ಕೆಳಗಿದ್ದವರು ಇನ್ನೂ ಮೇಲೆಯೇ ಇದೆ ಎಂದುಕೊಂಡು ಕಾಯುತ್ತಿದ್ದರಂತೆ. ಆ ದಿನ ಊಟ ರುಚಿಯಾಗಿತ್ತು.

ಇಲ್ಲಿಯವರು ಇನ್ನೊಂದು ವರ್ಷ ಇರುತ್ತೀಯಾ ಎಂದು ಕೇಳಿದ್ದಾರೆ. ನಾನು ಹೌದೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ.

ನಿಮ್ಮ
ಮಗಳು


ಮನೆಯಿಂದ
ಮಾರ್ಚ್ ೧೫

ಮಗಳೇ,

ಭಾನುವಾರ ಆತನನ್ನು ಕೆರೆಗೆ ಕರೆದುಕೊಂಡು ಹೋಗಿ ಅಭ್ಯಾಸ ಮಾಡಿಸಿದೆವು. ಮೊದಲ ಎಸೆತಕ್ಕೆ ಬೇಕರಿಯವನ ಟೋಪಿ ಹಿಡಿದರು. ಎರಡನೆಯದಕ್ಕೆ ಹಿಂದಿನ ಮರ. ಮೂರನೆಯದು ನೀರಿಗೆ ಬಿತ್ತು, ಗಾಳಕ್ಕೆ ಜೋಳ ಚುಚ್ಚಿರಲಿಲ್ಲ. “ಮೀನು ಹಸಿದು ಬಂದ್ರೂ ಉಪವಾಸ ಕಳಿಸ್ತೀರಲ್ರೀ,” ಎಂದ ಬೇಕರಿಯವನು. ಆತನಿಗೆ ಕೋಪ ಬರುವುದಿಲ್ಲ. ಅದೊಂದು ಬರೆದುಕೊಳ್ಳುವಂಥ ಗುಣ.

ಸಂಜೆ ಹೊತ್ತಿಗೆ ಒಂದು ಸಣ್ಣ ಗೆಂಡೆ ಸಿಕ್ಕಿತು. ಬಿಡುವ ಮೊದಲು ಆತ ಅದರ ಬಾಯನ್ನು ಬಹಳ ಹೊತ್ತು ನೋಡಿದರು. ಗೆಂಡೆಗೆ ಬಾಯಲ್ಲಿ ಹಲ್ಲಿಲ್ಲವಂತೆ, ಗಂಟಲಿನೊಳಗೆ ಇರುತ್ತವಂತೆ, ನಮ್ಮ ದವಡೆ ಹಲ್ಲಿನ ಹಾಗೆ. ಪುಸ್ತಕದಲ್ಲಿ ಓದಿಕೊಂಡು ಬಂದಿದ್ದರು. ಇಷ್ಟು ವರ್ಷ ಹಿಡಿದಿದ್ದೇನೆ, ನನ್ನ ಮೀನು ಎಲ್ಲಿ ಅಗಿಯುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ. ಗಾಳ ಚುಚ್ಚಿದ ತುಟಿಗೆ ಏನೋ ಔಷಧಿ ಹಚ್ಚಿ ಬಿಟ್ಟರು. “ಬಿಲ್ ಯಾರ ಹೆಸರಿಗೆ?” ಎಂದ ಬೇಕರಿಯವನು.

ಕೂರುವ ಜಾಗದ ಬಗ್ಗೆ: ನಡುವೆ ಚೀಲಗಳನ್ನು ಇಟ್ಟಿದ್ದೇನೆ. ಆತ ಬಲತುದಿಯಲ್ಲಿ, ಜೊಂಡಿನ ಪಕ್ಕ.

ಇನ್ನೊಂದು ವರ್ಷದ ವಿಷಯ ಓದಿದೆ. ಅಲ್ಲಿ ಗಾಳಿ ಜಾಸ್ತಿ ಎಂದು ಕೇಳಿದ್ದೇನೆ. ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ
ಅಪ್ಪ


ಬಂದರಿನ ವಸತಿಗೃಹ
ಏಪ್ರಿಲ್ ೨

ಅಪ್ಪ,

ಸ್ಪರ್ಧೆ ಮುಗಿದು ದಿನಗಳಾದವು. ನಿಮ್ಮಿಂದ ಸುದ್ದಿಯಿಲ್ಲ. ಫೋನ್ ಮಾಡಿದರೆ ಅಮ್ಮ “ಸ್ನಾನಕ್ಕೆ ಹೋಗಿದಾರೆ” ಎನ್ನುತ್ತಾಳೆ. ಇಷ್ಟೊಂದು ಸ್ನಾನ ನೀವು ಯಾವತ್ತೂ ಮಾಡಿದವರಲ್ಲ. ಅವರನ್ನು ಕೇಳಿದರೆ “ನಿಮ್ಮ ತಂದೆಯವರೇ ಹೇಳಲಿ, ಅದು ಅವರ ಮೀನು” ಎನ್ನುತ್ತಾರೆ. ಯಾವ ಮೀನು?

ಸೋತಿದ್ದರೆ ಸೋತಿರಿ, ಬರೆಯಿರಿ.

ನಿಮ್ಮ
ಮಗಳು


ಗ್ರಂಥಾಲಯದಿಂದ
ಏಪ್ರಿಲ್ ೯

ಪುಟ್ಟಿ,

ಅಪ್ಪ ಬರೆಯುವ ಹಾಗೆ ಕಾಣುವುದಿಲ್ಲ. ಎರಡು ಸಲ ಪೆನ್ನು ತೆಗೆದರು, ಎರಡು ಸಲವೂ ಅದರ ನಿಬ್ಬು ಶುಚಿ ಮಾಡಿ ಇಟ್ಟುಬಿಟ್ಟರು. ಹಾಗಾಗಿ ಮಧ್ಯಾಹ್ನ ಓದುವವರು ಯಾರೂ ಇಲ್ಲದ ಹೊತ್ತಿನಲ್ಲಿ ನಾನೇ ಬರೆಯುತ್ತಿದ್ದೇನೆ. ಭಾನುವಾರ ಬೆಳಗ್ಗೆ ನಾನು ತಿಂಡಿ ತೆಗೆದುಕೊಂಡು ದಡಕ್ಕೆ ಹೋಗಿದ್ದೆ, ಕಣ್ಣಾರೆ ಕಂಡದ್ದು.

ಶನಿವಾರ ಚೆನ್ನಾಗಿಯೇ ನಡೆದಿತ್ತಂತೆ. ಬೇಕರಿಯವರು ಹಿಟ್ಟಿನ ಉಂಡೆಗೆ ಏನು ಬೆರೆಸಿದ್ದರೋ, ಮಧ್ಯಾಹ್ನದ ಹೊತ್ತಿಗೆ ಮೂರನೆಯ ಸ್ಥಾನದಲ್ಲಿದ್ದರು. ಭಾನುವಾರ ನಾನು ಹೋಗುವಾಗ ಅಪ್ಪನ ಕೋಲು ಬಿಲ್ಲಿನ ಹಾಗೆ ಬಾಗಿತ್ತು. ಬೇಕರಿಯವರು ನನಗೆ ಕೈಸನ್ನೆ ಮಾಡಿ ಸುಮ್ಮನಿರಲು ಹೇಳಿದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ಹೊತ್ತಿನ ಮೇಲೆ ಅದು ಮೇಲೆ ಬಂತು. ಬೆನ್ನ ಮೇಲೆ ಒಂದೇ ಸಾಲು ಹುರುಪೆ, ಒಂದೊಂದೂ ಬಾಗಿಲ ಚಿಲಕದಷ್ಟು ದೊಡ್ಡದು, ಉಳಿದ ಮೈಯೆಲ್ಲ ಹಳೆಯ ಚರ್ಮದ ಪುಸ್ತಕದ ಬಣ್ಣ. ನಿಮ್ಮಪ್ಪನ ಮುಖ ನೀನು ನೋಡಬೇಕಿತ್ತು. ನೀನು ಹುಟ್ಟಿದಾಗ ಹಾಗಿತ್ತು.

ತೂಗುವವರು ಬರುವವರೆಗೆ ಮೀನನ್ನು ಬಲೆಯೊಳಗೆ, ನೀರಿನಲ್ಲೇ ಇಟ್ಟುಕೊಳ್ಳಬೇಕಲ್ಲ. ತೂಗಿದರೆ ಮಾತ್ರ ಲೆಕ್ಕಕ್ಕೆ. ಅವರು ಎದುರು ದಡದಲ್ಲಿದ್ದರು, ಕೂಗಿದರೂ ಕೇಳಿಸಲಿಲ್ಲ. ಸ್ಪರ್ಧೆಯ ತಕ್ಕಡಿ ಹೊಂದಿಸಿಕೊಟ್ಟವರು ಅಪ್ಪನೇ ಆದ್ದರಿಂದ ಅದರ ಮೇಲೆ ಅವರಿಗೆ ಒಂದು ಬಗೆಯ ಹಕ್ಕು. ತಾವೇ ಕರೆತರುತ್ತೇನೆಂದು ಹೊರಟರು. “ರೀ, ಹಲ್ಲಿನವರೇ, ಬಲೆ ಬಿಡಬೇಡಿ,” ಎಂದರು. ಬೇಕರಿಯವರ ಕೋಲಿಗೂ ಆಗಲೇ ಏನೋ ಕಚ್ಚಿತು, ಅವರು ಅತ್ತ ತಿರುಗಿದರು.

ದಡದ ಹತ್ತಿರ ನೀರು ಕಡಿಮೆ, ಬಿಸಿಲಿಗೆ ಕಾದಿತ್ತು, ಕೆಸರು ಎದ್ದಿತ್ತು. ಮೀನು ಒಂದು ಪಕ್ಕಕ್ಕೆ ವಾಲಿತು. ಹಲ್ಲಿನವರು ನೇರ ಮಾಡಿದರು, ಮತ್ತೆ ವಾಲಿತು. ಆತ ಬಲೆಯನ್ನು ಮೀನಿನ ಸಮೇತ ಎರಡೂ ತೋಳಿನಲ್ಲಿ ಎತ್ತಿಕೊಂಡು ಜೊಂಡು ದಾಟಿ, ಸೊಂಟದವರೆಗೆ ನೀರಿರುವ ಕಲ್ಲಿನ ಬಳಿ ಇಳಿದರು. ಅಲ್ಲೂ ಅದು ಬಾಯಿ ತೆರೆದೇ ಇತ್ತು. ಒಮ್ಮೆ ನನ್ನ ಕಡೆ ನೋಡಿದರು. ನಾನು ತಿಂಡಿಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ. ಬಲೆಯ ಅಂಚು ತಗ್ಗಿಸಿ, ಹೊಟ್ಟೆಯಡಿ ಅಂಗೈ ಕೊಟ್ಟು ನಿಂತುಕೊಂಡರು, ಮಗುವಿಗೆ ಈಜು ಕಲಿಸುವವರ ಹಾಗೆ. ಸ್ವಲ್ಪ ಹೊತ್ತಿಗೆ ಬಾಲ ಬೀಸಿತು. ಹೋಯಿತು.

ಅಪ್ಪ ತೂಗುವವರನ್ನು ಕರೆದುಕೊಂಡು ಬಂದಾಗ ಆತ ನೀರು ಸುರಿಸುತ್ತ ಖಾಲಿ ಬಲೆ ಹಿಡಿದು ನಿಂತಿದ್ದರು.

“ತಪ್ಪಿಸಿಕೊಂಡಿತೇ?” ಎಂದು ಕೇಳಿದರು ತೂಗುವವರು. ಹೌದು ಅಂದುಬಿಡಬಹುದಿತ್ತು.

“ಇಲ್ಲ. ನಾನೇ ಬಿಟ್ಟೆ,” ಎಂದರು.

ಅಪ್ಪ ಬಲೆಯನ್ನು ಆತನ ಕೈಯಿಂದ ತೆಗೆದುಕೊಂಡು ನೀರು ಹಿಂಡಿದರು. ಬೇಕರಿಯವರೇ ಕೊನೆಗೆ, “ಊರಿನ ತಕ್ಕಡಿಯೆಲ್ಲಾ ಸರಿ ಮಾಡೋನಿಗೆ ದೇವರು ಗಾಳಿ ತೂಗು ಅಂದ,” ಎಂದರು. ಗೆದ್ದವರಿಗೂ ಇವರಿಗೂ ಒಟ್ಟು ತೂಕದಲ್ಲಿ ಹನ್ನೊಂದು ಕಿಲೋ ಚಿಲ್ಲರೆ ಅಂತರ ಬಂತು. ಆ ಮೀನು ಹತ್ತಕ್ಕಿಂತ ಹೆಚ್ಚಿರಲಿಲ್ಲ, ಇದ್ದಿದ್ದರೂ ಸೋಲುತ್ತಿದ್ದೆವು ಎಂದು ಬೇಕರಿಯವರು ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ಅಪ್ಪ ಕೋಲಿನಲ್ಲಿ ಅದರ ಎಳೆತ ಕಂಡವರೇ ಹೊರತು ಭಾರ ಕಂಡವರಲ್ಲ, ಅವರಿಗೂ ಖಚಿತವಿಲ್ಲ. ಆ ಖಚಿತವಿಲ್ಲದಿರುವುದೇ ಅವರನ್ನು ತಿನ್ನುತ್ತಿದೆ, ಸೋಲಲ್ಲ.

ಆತ ಆಮೇಲೂ ಅಂಗಡಿಗೆ ಬರುತ್ತಿದ್ದಾರೆ. ಕ್ಷಮಿಸಿ ಎಂದು ಒಮ್ಮೆ ಹೇಳಿದರು, ಮತ್ತೆ ಹೇಳಿಲ್ಲ. ಅಪ್ಪ ಕೂರಿ ಎನ್ನುವುದಿಲ್ಲ, ಹೋಗಿ ಎಂದೂ ಅನ್ನುವುದಿಲ್ಲ. ಆತ ಬುರುಶು ತೆಗೆದುಕೊಂಡು ಹಳೆಯ ತೂಕದ ಕಲ್ಲುಗಳನ್ನು ಉಜ್ಜುತ್ತಾ ಕೂರುತ್ತಾರೆ. ಎರಡು ಕಂಬಗಳ ಹಾಗೆ ಇಬ್ಬರೂ. ಚಹಾ ಮಾತ್ರ ಎರಡು ಲೋಟ ತರಿಸುತ್ತಾರೆ.

ಊಟ ತಪ್ಪಿಸಬೇಡ.

ಅಮ್ಮ


ಬಂದರಿನ ವಸತಿಗೃಹ
ಏಪ್ರಿಲ್ ೧೬

ಅಪ್ಪ,

ಅಮ್ಮ ಬರೆದಳು. ನಾನು ಯಾರ ಪರವಾಗಿಯೂ ಬರೆಯುತ್ತಿಲ್ಲ. ನಾನು ಅಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಕ್ರೇನಿನಲ್ಲಿ ಕೂತು ಯೋಚಿಸಿದೆ. ಬಿಡುತ್ತಿದ್ದೆನೋ, ಹಿಡಿದಿರುತ್ತಿದ್ದೆನೋ ಗೊತ್ತಾಗಲಿಲ್ಲ. ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುವುದಿಲ್ಲ.

ಅವರು ಕೇಳಿದ ಆ ಮಾತಿಗೆ ಉತ್ತರ ಹೇಳುವ ದಿನ ಹತ್ತಿರ ಬರುತ್ತಿದೆ. ಹೇಳಬೇಕಾದವಳು ನಾನು, ಅದು ನನಗೆ ಗೊತ್ತು. ಆದರೂ ಮನೆಗೆ ಬಂದಾಗ ಒಂದು ಕೋಣೆಯಲ್ಲಿ ನೀವು, ಇನ್ನೊಂದು ಕೋಣೆಯಲ್ಲಿ ಅವರು, ನಡುವೆ ಚಹಾ ತಟ್ಟೆ ಹಿಡಿದು ನಾನು ಎಂದಾಗುವುದು ನನಗೆ ಬೇಡ. ಅದಕ್ಕಿಂತ ಇಲ್ಲಿಯ ಗಾಳಿಯೇ ವಾಸಿ.

ನಿಮ್ಮ
ಮಗಳು


ಅಂಗಡಿಯಿಂದ
ಮೇ ೫

ಮಗಳೇ,

ತಡವಾಯಿತು. ಅಳೆದು ತೂಗಿ ಬರೆಯುವುದು ನನ್ನ ಕಸುಬು ಎಂದುಕೋ.

ಕಳೆದ ತಿಂಗಳು ಒಂದು ಶನಿವಾರ ಆತ ಬಂದಾಗ ಬೇಕರಿಯವನೂ ಇದ್ದ. ಮಾತಿಗೆ ಮಾತು ಬಂದು ಮತ್ತೆ ಅದೇ ರಾಗ ತೆಗೆದ, “ಹತ್ತು ಕಿಲೋ ಕಣಯ್ಯ, ಹೆಚ್ಚಂದ್ರೆ ಹತ್ತು.” ನನಗೆ ತಡೆಯಲಾಗಲಿಲ್ಲ. ಆ ಮೀನನ್ನು ನೀರಿನ ಹೊರಗೆ ಎತ್ತಿದವನು ಲೋಕದಲ್ಲಿ ಒಬ್ಬನೇ. ಕೇಳಬೇಕಾದ್ದು ಅವನನ್ನು ತಾನೇ. ಒಳಗಿನಿಂದ ಅದೇ ಬಲೆ ತಂದೆ, ನೀರಿನಲ್ಲಿ ನೆನೆಸಿದೆ.

“ಕಣ್ಣು ಮುಚ್ಚಿ. ಅವತ್ತು ಹಿಡ್ಕೊಂಡ ಹಾಗೇ ಹಿಡ್ಕೊಳ್ಳಿ,” ಎಂದೆ. “ನಾನು ಕಲ್ಲು ಹಾಕ್ತಾ ಹೋಗ್ತೀನಿ. ಆ ಮೀನಿನಷ್ಟಾದಾಗ ಸಾಕು ಅನ್ನಿ.”

ಒಂದೊಂದಾಗಿ ಹಾಕಿದೆ. ಐದಾಯಿತು, ಎಂಟಾಯಿತು. ಹತ್ತಕ್ಕೆ ಬಂದಾಗ ಬೇಕರಿಯವನು ಜೋರಾಗಿ ಕೆಮ್ಮಿದ. ಕಿವುಡನಿಗೂ ಅರ್ಥವಾಗುವಂಥ ಕೆಮ್ಮು.

“ಇನ್ನೂ,” ಎಂದ ಆತ.

ಹನ್ನೊಂದು. ಬೇಕರಿಯವನು ಎದ್ದು ನಿಂತ. ಅಂತರ ಎಷ್ಟೆಂದು ಅಲ್ಲಿದ್ದ ಮೂವರಿಗೂ ಬಾಯಿಪಾಠ. ಇನ್ನೊಂದು ಕಲ್ಲು ಬಿದ್ದರೆ, ಗೆಲ್ಲುವ ತಂಡವನ್ನು ಸೋಲಿಸಿದವನು ತಾನೇ ಎಂದು ಆತ ತನ್ನ ಕೈಯಾರೆ ಒಪ್ಪಿಕೊಂಡಂತೆ. ನನ್ನ ಕೈ ಸ್ವಲ್ಪ ತಡೆಯಿತು, ಸುಳ್ಳೇಕೆ ಹೇಳಲಿ. ಅಲ್ಲಿಗೇ ಸಾಕು ಅಂದುಬಿಡಲಿ ಎಂದು ನನಗೇ ಅನ್ನಿಸಿತು.

“ಇನ್ನೂ ಹಾಕಿ,” ಎಂದ.

ಹನ್ನೆರಡು ಹಾಕಿದೆ. ತೋಳು ಭಾರಕ್ಕೆ ಇಳಿಯುತ್ತಿತ್ತು, ಮುಖ ಮಾತ್ರ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ. “ಇನ್ನು ಸ್ವಲ್ಪ,” ಎಂದ. ಅರ್ಧ ಕಿಲೋ ಕಲ್ಲನ್ನು ಬಹಳ ಮೆಲ್ಲಗೆ ಇಳಿಸಿದೆ, ನೀನು ಕಂಟೇನರ್ ಇಳಿಸಿದ ಹಾಗೆ.

“ಹಾಂ. ಇದು.”

ಬೇಕರಿಯವನು ತಲೆ ಚಚ್ಚಿಕೊಂಡ. “ಅಯ್ಯಾ ಮಹಾರಾಯ, ಹತ್ತಕ್ಕೇ ನಿಲ್ಲಿಸಬಾರದಾಗಿತ್ತೇನಪ್ಪ? ನಿನ್ನ ಸಲುವಾಗಿ ನಾನು ಇಡೀ ಊರಿಗೆ ಹೇಳ್ಕೊಂಡು ಬಂದಿದೀನಿ.”

“ಹತ್ತಕ್ಕೆ ಅದು ಆ ಮೀನಾಗಿರಲಿಲ್ಲ ಮಾಮ,” ಎಂದ. ಬಲೆ ಕೆಳಗಿಟ್ಟು ಕಣ್ಣು ಬಿಟ್ಟು ನನ್ನನ್ನು ನೋಡಿದ. “ಗೆದ್ದಿರ್ತಿದ್ರಿ.”

“ಗೊತ್ತಾಯ್ತು,” ಎಂದೆ.

ಅಂಗಡಿಗೆ ಬರುವವರೆಲ್ಲ ತಮ್ಮ ಕಡೆಗೇ ತೂಗಿಕೊಳ್ಳುವವರು. ತನಗೇ ನಷ್ಟವಾಗುವ ಹಾಗೆ ತೂಗಿ, ಅದಕ್ಕೂ ಮೇಲೆ ಇನ್ನಷ್ಟು ಹಾಕು ಎಂದವನನ್ನು ನಾನು ನೋಡಿದ್ದು ಇದೇ ಮೊದಲು. ಮೀನೂ ಸಿಕ್ಕಿತು ನನಗೆ. ಹನ್ನೆರಡೂವರೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಸೋತವನಿಗೆ ಬರಬಾರದಂಥ ನಿದ್ದೆ.

ಅದನ್ನು ಬಿಟ್ಟದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ತಪ್ಪೇ ಎಂದು ನನ್ನ ವಾದ. ಅವನೊಂದಿಗೆ ಈಗ ಪ್ರತಿ ಶನಿವಾರ ವಾದ ಮಾಡುತ್ತೇನೆ. ಚೆನ್ನಾಗಿ ವಾದಿಸುತ್ತಾನೆ.

ಇನ್ನೊಂದು ವಿಷಯ. ಶರತ್ಕಾಲದ ಸ್ಪರ್ಧೆಗೆ ಹೆಸರು ಕೊಡಬೇಕಂತೆ. ಮೂರೇ ಜನ, ನಿನಗೆ ಗೊತ್ತು. ಹೇಳಲು ಬಾಯಿ ಬರಲಿಲ್ಲವೆಂದೇ ಬರೆಯುತ್ತಿದ್ದೇನೆ. ನೀನು ಅಲ್ಲೇ ಇರುವುದಾದರೆ ನಡುವಿನ ಜಾಗದಲ್ಲಿ ಅವನು ಕೂರಲಿ ಎಂದು ನನ್ನ ಮನಸ್ಸು. ಬರುವುದಾದರೆ ಅದು ನಿನ್ನದೇ, ಅವನಿಗೂ ಹೇಳಿದ್ದೇನೆ, ಅವನು ಸರಿ ಎಂದಿದ್ದಾನೆ. ನೀನು ಬೇಡ ಎಂದರೆ ಬೇಡ. ನಿನ್ನನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡ. ನನಗೆ ಅಷ್ಟೇ ಹೆದರಿಕೆ ಇದ್ದದ್ದು, ಮೊದಲಿನಿಂದಲೂ.

ನಿನ್ನ
ಅಪ್ಪ


ಬಂದರಿನ ವಸತಿಗೃಹ
ಮೇ ೧೩

ಅಪ್ಪ,

ನಿಮ್ಮ ಕಾಗದವನ್ನು ಕ್ರೇನಿನ ಗೂಡಿನಲ್ಲಿ ಓದಿದೆ. ಕೆಳಗಿದ್ದವರು ಯಾಕೆ ಇಳಿಸುತ್ತಿಲ್ಲವೆಂದು ಕೈ ಬೀಸುತ್ತಿದ್ದರು. ಬೀಸಲಿ ಎಂದು ಬಿಟ್ಟೆ.

ನಡುವಿನ ಜಾಗವನ್ನು ಅವರಿಗೆ ಕೊಡಿ. ಚೀಲಗಳನ್ನು ಜೊಂಡಿನ ಕಡೆ ಇಡಿ.

ಇನ್ನೊಂದು ವರ್ಷ ಇರುವುದಿಲ್ಲವೆಂದು ಇಲ್ಲಿಯವರಿಗೆ ಬರೆದುಕೊಟ್ಟಿದ್ದೇನೆ. ನಮ್ಮ ಕಡೆಯ ನದಿಯ ಬಂದರಿನಲ್ಲಿ ಸಣ್ಣ ಕ್ರೇನುಗಳಿವೆ, ಅವಕ್ಕೂ ಮೆಲ್ಲಗೆ ಇಳಿಸುವವರು ಬೇಕು. ನಿಮ್ಮ ಹಲ್ಲಿನವರಿಗೂ ಇವತ್ತೇ ಉತ್ತರ ಬರೆಯುತ್ತಿದ್ದೇನೆ. ಅದರಲ್ಲಿ ಏನಿದೆ ಎಂದು ನೀವು ಅಂಗಡಿಯಲ್ಲಿ ಕಣ್ಣು ಮುಚ್ಚಿಸಿ ಕೇಳಬಾರದು.

ಹಾಗೆಂದು ನಾನು ದಡದಲ್ಲಿ ನಿಮಗೆಲ್ಲ ತಿಂಡಿ ಹಂಚುತ್ತಾ ಓಡಾಡುತ್ತೇನೆ ಎಂದುಕೊಂಡರೆ ತಪ್ಪು. ಎರಡು ತಿಂಗಳಿನಿಂದ ಸಂಜೆ ಹೊತ್ತು ಇಲ್ಲಿಯ ಕಟ್ಟೆಯ ಮೇಲೆ ಇಬ್ಬರಿಗೆ ಗಾಳ ಎಸೆಯುವುದನ್ನು ಕಲಿಸುತ್ತಿದ್ದೇನೆ. ಒಬ್ಬಳು ನಮ್ಮ ಕ್ರೇನಿನ ಅಕ್ಕ, ಇನ್ನೊಬ್ಬರು ಅಡುಗೆಮನೆಯ ದೊಡ್ಡಮ್ಮ. ದೊಡ್ಡಮ್ಮನ ಹಿಟ್ಟಿನ ಉಂಡೆಯ ಮುಂದೆ ಬೇಕರಿ ಮಾಮನದು ಏನೂ ಅಲ್ಲ, ದಯವಿಟ್ಟು ಅವರಿಗೆ ತಿಳಿಸಿ. ಅಕ್ಕ ಹೇಳುತ್ತಾಳೆ: “ನಿಮ್ಮಪ್ಪನ್ನ ಸೋಲಿಸೋಕೆ ಅಷ್ಟು ದೂರ ಬರಬೇಕೇನೇ?” ನಾನು ಹೇಳಿದೆ, ಅದಕ್ಕೆಂದೇ ಬರಬೇಕು.

ನಮ್ಮ ಮೂವರ ಹೆಸರು ಶರತ್ಕಾಲದ ಸ್ಪರ್ಧೆಗೆ ಕಳಿಸಿಯಾಯಿತು. ಕೂರುವ ಜಾಗ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತದೆ. ನಿಮ್ಮ ಪಕ್ಕದಲ್ಲಿ ಕೂತಾಗ ನಾನು ನೀರನ್ನೇ ನೋಡುತ್ತಿದ್ದೆ, ನೀವು ಮೀನು ಹಿಡಿಯುವಾಗ ಹೇಗೆ ಕಾಣುತ್ತೀರಿ ಎಂದು ನೋಡಿಯೇ ಇಲ್ಲ. ನಮಗೆ ಎದುರು ದಡ ಬಂದರೆ ಎರಡು ದಿನವೂ ಕಾಣುತ್ತೀರಿ.

ನಿಮ್ಮ ಎದುರಾಳಿ,
ಮಗಳು